ಆರಾಮಾದ ದನಿ

ಗಂಗಪ್ಪನಿಗೆ ಯಾರೂ ಕಲಿಸಲಿಲ್ಲ. ಕೇಳಿದವರಿಗೂ ಅದನ್ನೇ ಹೇಳುತ್ತಿದ್ದ, ಕೇಳದವರಿಗೂ ಅದನ್ನೇ ಹೇಳುತ್ತಿದ್ದ. ಸುಳ್ಳ ಊರಿನ ಸರಕಾರಿ ಶಾಲೆಯಲ್ಲಿ ಏಳನೆಯ ತರಗತಿ, ಆಮೇಲೆ ಹಳೇ ಹುಬ್ಬಳ್ಳಿಯ ಹುಸೇನಬಾಷಾನ ಮೈಕ್ ಸೆಟ್ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ವಾಯರ್ ಎಳೆದದ್ದು, ಇಷ್ಟು ಬಿಟ್ಟರೆ ಅವನಿಗೆ ಬೇರೆ ವಿದ್ಯೆ ಇರಲಿಲ್ಲ. ಹುಸೇನಬಾಷಾ ತೀರಿಕೊಂಡ. ಡಿಜೆಗಳು ಬಂದವು. ಕಂಬಕ್ಕೆ ಕಟ್ಟುವ ಹಾರ್ನುಗಳನ್ನು ಕೇಳುವವರೇ ಇಲ್ಲದಾದರು. ನಲವತ್ತಾರನೆಯ ವಯಸ್ಸಿನಲ್ಲಿ ಗಂಗಪ್ಪ ರೆಕಾರ್ಡಿಂಗ್ ಕಲಿಯುತ್ತೇನೆಂದು ಹಟ ಹಿಡಿದು ಕೂತ.

ಮೊದಲು ಧಾರವಾಡದಲ್ಲಿ ಒಂದು ಕ್ಲಾಸಿಗೆ ವಿಚಾರಿಸಲು ಹೋಗಿದ್ದ. ಅಲ್ಲಿ ಮೇಜಿನ ಹಿಂದೆ ಕೂತವನು ಇವನ ಚಪ್ಪಲಿ ನೋಡಿದ, ಆಮೇಲೆ ಮುಖ ನೋಡಿದ, ಆಮೇಲೆ ಇಂಗ್ಲಿಷ್ ಬರುತ್ತದೋ ಎಂದು ಕೇಳಿದ. ಗಂಗಪ್ಪ ಅವನಿಗೆ ಏನೆಂದನೋ ಅದು ಬರೆಯುವಂಥದ್ದಲ್ಲ. ಬಸ್ಸು ಹತ್ತಿ ವಾಪಸು ಬರುವಾಗಲೇ ನಿರ್ಧಾರವಾಗಿತ್ತು. ಯಾವ ಮಗನಿಗೂ ಕೈ ಮುಗಿಯುವುದಿಲ್ಲ, ಪುಕ್ಕಟೆ ಕಲಿಯುತ್ತೇನೆ.

ಮತ್ತು ಕಲಿತ. ಯಾರೋ ಬಿಟ್ಟ ಹಳೆಯ ಲ್ಯಾಪ್‌ಟಾಪು, ಪುಕ್ಕಟೆ ಸಿಗುವ ಸಾಫ್ಟ್‌ವೇರು, ಮೊಬೈಲಿನಲ್ಲಿ ವಿಡಿಯೊ. ವಿಡಿಯೊದವರು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಹೇಳುತ್ತಿದ್ದರು. ಗಂಗಪ್ಪ ಅವರ ಬಾಯಿ ನೋಡಲಿಲ್ಲ, ಕೈ ನೋಡಿದ. ಎಲ್ಲಿ ಒತ್ತುತ್ತಾರೆ, ಏನನ್ನು ಎಷ್ಟು ಜಗ್ಗುತ್ತಾರೆ, ಜಗ್ಗಿದ ಮೇಲೆ ದನಿ ಏನಾಗುತ್ತದೆ. ಹತ್ತು ಸಲ ನೋಡಿ ಹನ್ನೊಂದನೆಯ ಸಲ ತಾನೇ ಮಾಡಿದ. ಹೆಸರು ಬಾರದಿದ್ದಕ್ಕೆಲ್ಲ ತನ್ನದೇ ಹೆಸರಿಟ್ಟ. ಜೋರು ಮೆತ್ತಗೆ ಎರಡನ್ನೂ ಒಂದು ಮಟ್ಟಕ್ಕೆ ತರುವುದಕ್ಕೆ ಹದ ಅಂದ. ಬೇಡದ ಸದ್ದು ತೆಗೆಯುವುದಕ್ಕೆ ಜರಡಿ ಅಂದ. ಜರಡಿಯ ಕೆಲಸ ಅವನಿಗೆ ಎಲ್ಲಕ್ಕಿಂತ ಹಿಡಿಸಿತು. ಕಸ ಯಾವುದೆಂದು ಮೊದಲು ಅದಕ್ಕೆ ಒಂದು ಚೂರು ತೋರಿಸಬೇಕು. ತೋರಿಸಿದರೆ ಸಾಕು, ಇಡೀ ದನಿಯಲ್ಲಿ ಅದು ಎಲ್ಲೆಲ್ಲಿ ಅಡಗಿದ್ದರೂ ಹುಡುಕಿ ತೆಗೆದುಬಿಡುತ್ತಿತ್ತು.

ಒಳಗಿನ ಖೋಲಿಯೇ ಸ್ಟುಡಿಯೊ ಆಯಿತು. ಗೋಡೆಗೆ ದನಿ ಬಡಿದು ವಾಪಸು ಬರಬಾರದೆಂದು ಹೆಂಡತಿ ದುರಗವ್ವ ಹೊಲಿದಿಟ್ಟಿದ್ದ ಐದು ಕೌದಿಗಳನ್ನು ಮೊಳೆ ಹೊಡೆದು ತೂಗುಹಾಕಿದ. ಚಳಿಗಾಲದಲ್ಲಿ ಏನು ಹೊದೆಯಬೇಕೆಂದು ಆಕೆ ಕೇಳಿದಳು. ಗಂಗಪ್ಪ ಇನ್ನೊಂದು ಮೊಳೆ ಹೊಡೆದ.

ಕಲಿಯಲು ಒಂದು ದನಿ ಬೇಕಿತ್ತು. ಅವನದೇ ದನಿ ಇಪ್ಪತ್ತು ವರ್ಷ "ಹಲೋ ಮೈಕ್ ಟೆಸ್ಟಿಂಗ್" ಎಂದು ಒದರಿ ಹರಿದುಹೋಗಿತ್ತು. ಆಗ ಸಿಕ್ಕವನು ಹನಮೇಶ.

ಹನಮೇಶ ಎರಡು ಓಣಿ ಆಚೆಯವನು. ತಳ್ಳುಗಾಡಿಯಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಮಾರುತ್ತಿದ್ದ. ಮೂವತ್ತಾರು ವರ್ಷ, ತೆಳ್ಳನೆಯ ಮೈ, ಮೂರು ಓಣಿಗೆ ಕೇಳಿಸಿದರೂ ಕಿವಿಗೆ ಚುಚ್ಚದಂಥ ದನಿ. ದಿನವಿಡೀ ಒದರಿ ಗಂಟಲು ಹೋಗುತ್ತದೆಂದು ಎಲ್ಲರಂತೆ ಅವನೂ ಬ್ಯಾಟರಿ ಸ್ಪೀಕರಿನ ಪೆಟ್ಟಿಗೆ ಕೊಂಡಿದ್ದ. ಅದರಲ್ಲಿ ಹಾಕಲು ತನ್ನ ದನಿಯನ್ನು ಮೆಮೊರಿ ಚಿಪ್ಪಿಗೆ ತುಂಬಿಸಿಕೊಡಬೇಕೆಂದು ಸಂಕ್ರಾಂತಿಯ ಮರುವಾರ ಗಂಗಪ್ಪನ ಬಾಗಿಲಿಗೆ ಬಂದ. ಗಂಗಪ್ಪ ಅವನಿಂದ ಏನೂ ತೆಗೆದುಕೊಳ್ಳಲಿಲ್ಲ. ನೀನು ನನ್ನ ಪಾಟಿ, ನಾನು ನಿನ್ನ ಮೇಲೆ ಬರೆದು ಕಲಿಯುತ್ತೇನೆ, ಲೆಕ್ಕ ಸರಿಹೋಯಿತು ಅಂದ. ಉಳ್ಳಾಗಡ್ಡಿಯ ದರ ವಾರಕ್ಕೊಮ್ಮೆ ಬದಲಾಗುತ್ತಿತ್ತು. ಹಾಗಾಗಿ ಹನಮೇಶ ವಾರಕ್ಕೊಮ್ಮೆ ಬಂದು ಕೌದಿಗಳ ನಡುವೆ ನಿಂತು ಹೊಸ ದರ ಕೂಗಿ ಹೋಗುತ್ತಿದ್ದ.

ಹುಸೇನಬಾಷಾ ಕಲಿಸಿದ್ದ ಒಂದೇ ಒಂದು ಪಾಠವನ್ನು ಗಂಗಪ್ಪ ಬಿಟ್ಟಿರಲಿಲ್ಲ. ಯಾವ ಕಾರ್ಯಕ್ರಮವಿರಲಿ, ಮೈಕು ಹಚ್ಚುವ ಮೊದಲು ಆತ ಖಾಲಿ ಜಾಗದಲ್ಲಿ ಸುಮ್ಮನೆ ನಿಂತು ಕೇಳುತ್ತಿದ್ದ, ಗಂಗಪ್ಪನನ್ನೂ ನಿಲ್ಲಿಸುತ್ತಿದ್ದ. ಅದೇ ರೂಢಿಯಲ್ಲಿ ಗಂಗಪ್ಪ ಪ್ರತಿ ಸಲ ಮೊದಲು ಅರ್ಧ ನಿಮಿಷ ಖೋಲಿಯ ಮೌನವನ್ನು ರೆಕಾರ್ಡ್ ಮಾಡಿಕೊಳ್ಳುತ್ತಿದ್ದ. ಹನಮೇಶ ಮೈಕಿನ ಮುಂದೆ ಕಂಬದಂತೆ ನಿಂತಿರಬೇಕಿತ್ತು.

ಯುಗಾದಿಗೆ ಒಂದು ವಾರ ಇರುವಾಗ ಆ ಮೌನದಲ್ಲಿ ಒಂದು ಸುಂಯ್ ಎಂಬ ಸದ್ದು ಕೇಳಿಸಿತು. ದೂರದಲ್ಲಿ ಎಲ್ಲೋ ಕುಕ್ಕರು ಕೂಗುವ ಮೊದಲು ಮಾಡುವಂಥ ಸಣ್ಣ ಸದ್ದು. ಗಂಗಪ್ಪ ಫ್ಯಾನು ಆರಿಸಿದ. ವಾಯರು ಬದಲಿಸಿದ. ಮೈಕು ಬದಲಿಸಿದ. ಸದ್ದು ಹೋಗಲಿಲ್ಲ. ಹೊರಗಿನಿಂದ ದುರಗವ್ವ ಕೇಳಿಸಿಕೊಂಡು, ಹನಮೇಶ ಹೋದ ಮೇಲೆ ಒಂದು ಮಾತು ಅಂದಳು.

"ಆ ಹುಡುಗಗ ದಮ್ಮ ಐತೇನ್ರಿ? ಎದಿ ಸುಂಯ್ ಅನ್ನಾಕತ್ತೈತಿ."

"ಅದು ಮೈಕಿನ ಸದ್ದು. ನಿನಗೇನ ತಿಳಿತೈತಿ, ರೊಟ್ಟಿ ಬಡಿ ಹೋಗು."

ಆಕೆ ಹೋಗಿ ರೊಟ್ಟಿ ಬಡಿದಳು. ಗಂಗಪ್ಪ ಅದೇ ಮೈಕಿನಲ್ಲಿ ತನ್ನ ಮೌನವನ್ನು ರೆಕಾರ್ಡ್ ಮಾಡಿ ಕೇಳಿದ. ಸುಂಯ್ ಇರಲಿಲ್ಲ. ಅಂದರೆ ಅದು ಮೈಕಿನದಲ್ಲ, ಮನುಷ್ಯನದು. ಆ ಕ್ಷಣಕ್ಕೇ ಅವನಿಗೆ ಅದು ಗೊತ್ತಾಗಿತ್ತು. ಗೊತ್ತಾಗಿಲ್ಲವೆಂದು ಆಮೇಲೆ ಎಷ್ಟು ಸಲ ತನಗೆ ತಾನೇ ಹೇಳಿಕೊಂಡರೂ ಅದು ಸುಳ್ಳು. ಆದರೆ ಆ ಹೊತ್ತಿಗೆ ಅವನ ತಲೆಯಲ್ಲಿದ್ದದ್ದು ಬೇರೆ ಲೆಕ್ಕ. ಆ ಸದ್ದಿನ ಒಂದು ಚೂರನ್ನು ಆರಿಸಿ ಜರಡಿಗೆ ತೋರಿಸಿದ, ಇದು ಕಸ ಅಂದ. ಜರಡಿ ಅದನ್ನು ತೆಗೆಯಿತು. ಉಳಿದದ್ದು ತೊಳೆದ ತಾಮ್ರದ ಕೊಡದಂಥ ದನಿ. ಗಂಗಪ್ಪ ತೊಡೆ ತಟ್ಟಿಕೊಂಡ. ಧಾರವಾಡದ ಆ ಮೇಜಿನವನು ಇಲ್ಲಿದ್ದು ಇದನ್ನು ಕೇಳಬೇಕಿತ್ತು ಅನಿಸಿತು.

ವಾರ ಕಳೆದಂತೆ ಸುಂಯ್ ಬೆಳೆಯಿತು. ಅದು ಬೆಳೆದಂತೆ ಗಂಗಪ್ಪನ ವಿದ್ಯೆಯೂ ಬೆಳೆಯಿತು. ಮೊದಲು ಮೌನದಲ್ಲಷ್ಟೇ ಇದ್ದದ್ದು ಆಮೇಲೆ ಮಾತಿನ ನಡುವೆ ಬಂತು, ಆಮೇಲೆ ಅಕ್ಷರದ ಒಳಗೇ ಹೊಕ್ಕಿತು. ಅಕ್ಷರದೊಳಗಿಂದ ಅದನ್ನು ಬಿಡಿಸುವುದನ್ನು ಕಲಿಯಲು ಅವನಿಗೆ ಎರಡು ತಿಂಗಳು ಹಿಡಿಯಿತು. ಕ್ಲಾಸಿಗೆ ಹೋದವರಿಗೆ ಇಂಥ ಪಾಠ ಸಿಗುವುದಿಲ್ಲ ಎಂದು ಹೆಮ್ಮೆಪಟ್ಟ.

ನಾಗರ ಪಂಚಮಿಯ ಹೊತ್ತಿಗೆ ಹನಮೇಶನಿಗೆ ಒಂದು ಸಾಲು ಪೂರ್ತಿ ಕೂಗಲು ಆಗದಾಯಿತು. ಗಂಗಪ್ಪ ಅದಕ್ಕೂ ಉಪಾಯ ಮಾಡಿದ. ಒಂದು ದಿನ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನಿಲ್ಲಿಸಿ ಬಿಡಿಬಿಡಿಯಾಗಿ ಎಲ್ಲವನ್ನೂ ಹೇಳಿಸಿದ. ಹತ್ತರಿಂದ ನೂರರವರೆಗೆ ಅಂಕಿಗಳು, ಎಲ್ಲ ಕಾಯಿಪಲ್ಯಗಳ ಹೆಸರು, ಹಳೇ ಸಾಮಾನುಗಳ ಹೆಸರು, ಬರ್ರಿ, ತರ್ರಿ, ತಗೋರ್ರಿ, ತಾಜಾ ಮಾಲು. ಇನ್ನು ದರ ಬದಲಾದರೆ ಹನಮೇಶ ಬರಬೇಕಿಲ್ಲ, ಗಂಗಪ್ಪನೇ ಶಬ್ದಗಳನ್ನು ಮಾಲೆಯಂತೆ ಪೋಣಿಸಿಕೊಡುತ್ತಿದ್ದ. ಬೇರೆ ಗಾಡಿಯವರೂ ಬಂದು ಹನಮೇಶನ ದನಿಯೇ ಬೇಕೆಂದು ಕೇಳಿದರು. ಅವನು ನಕ್ಕು, ಒಯ್ಯಲಿ ಬಿಡಿ ಕಾಕಾ, ಕಾಲು ನೋಯದೆ ಊರು ತಿರುಗಿದಂತಾಯಿತು ಅಂದ. ಟೊಮ್ಯಾಟೊದವನು, ಬದನೆಕಾಯಿಯವನು, ಹಳೆ ಕಬ್ಬಿಣದವನು, ಹೀಗೆ ಒಂಬತ್ತು ಗಾಡಿಗಳಲ್ಲಿ ಹನಮೇಶ ಕೂಗತೊಡಗಿದ. ತನ್ನ ಗಾಡಿಯ ಹಿಂದೆ ಮಾತ್ರ ಅವನು ಬಾಯಿ ಮುಚ್ಚಿಕೊಂಡು ನಡೆಯುತ್ತಿದ್ದ. ಪೆಟ್ಟಿಗೆ ಕೂಗುತ್ತಿತ್ತು, ಅವನು ತಕ್ಕಡಿ ಹಿಡಿಯುತ್ತಿದ್ದ.

ದಸರೆಯ ಮರುವಾರ ಅವನು ಗಾಡಿಯ ಹಿಡಿಕೆ ಹಿಡಿದುಕೊಂಡೇ ಕುಸಿದ. ದೊಡ್ಡ ದವಾಖಾನೆಗೆ ಒಯ್ದರು. ಎದೆಯೊಳಗೆ ಗಂಟು ಬೆಳೆದಿದೆ, ಆರೇಳು ತಿಂಗಳಾದರೂ ಆಗಿರಬೇಕು, ಮೊದಲೇ ಬಂದಿದ್ದರೆ ನೋಡಬಹುದಿತ್ತು ಎಂದರಂತೆ. ನಾಲ್ಕನೆಯ ದಿನ ತೀರಿಕೊಂಡ. ಚಟ್ಟಕ್ಕೆ ಗಂಗಪ್ಪನೂ ಹೆಗಲು ಕೊಟ್ಟ. ಅವತ್ತು ಅವನಿಗೆ ಏನೂ ಕೇಳಿಸಲಿಲ್ಲ.

ಒಂಬತ್ತು ದಿನವಾದ ಮೇಲೆ ಹನಮೇಶನ ಹೆಂಡತಿ ಜಯಾ ಅವನ ಬಾಗಿಲಿಗೆ ಬಂದಳು. ಹೊಸ್ತಿಲು ದಾಟಲಿಲ್ಲ. ದುರಗವ್ವ ಒಳಗೆ ಕರೆದರೂ ಬರಲಿಲ್ಲ.

ವಿಷಯ ಅತ್ತೆಯದು. ಹುಲಿಗೆವ್ವನಿಗೆ ಆರು ವರ್ಷದಿಂದ ಎರಡೂ ಕಣ್ಣಿಲ್ಲ. ಮಗ ದಿನಾ ಒಂಬತ್ತಕ್ಕೆ ತಮ್ಮ ಓಣಿಗೆ ಗಾಡಿ ತಿರುಗಿಸಿ, ಮನೆಯ ಮುಂದೆ ನಿಲ್ಲಿಸಿ, ಚಹಾ ಕುಡಿದು ಮುಂದೆ ಹೋಗುತ್ತಿದ್ದ. ಮುದುಕಿ ಕಟ್ಟೆಯ ಮೇಲೆ ಕೂತು ದನಿಯ ಮೇಲೆ ಲೆಕ್ಕ ಹಾಕುತ್ತಿದ್ದಳು. ಈಗ ಮಸೀದಿ ಹತ್ತಿರ ಬಂದ, ಈಗ ಗಿರಣಿ ದಾಟಿದ, ಚಹಾ ಇಡವ್ವಾ. ಸತ್ತ ಮಗನ ಮುಖವನ್ನು ಆಕೆ ಎರಡೂ ಕೈಯಲ್ಲಿ ತಡವಿ ನೋಡಿದ್ದಳು, ಮಣ್ಣು ಹಾಕಿದ್ದಳು. ಮೂರನೆಯ ದಿನ ಎಡೆ ಇಟ್ಟಿದ್ದರು, ಕಾಗೆ ಮುಟ್ಟಿತ್ತು. ಆದರೆ ಮೂರು ದಿನ ನಿಂತಿದ್ದ ಗಾಡಿಗಳು ನಾಲ್ಕನೆಯ ದಿನದಿಂದ ಮತ್ತೆ ತಿರುಗತೊಡಗಿದವು. ಮುಂಜಾನೆಯಿಂದ ಮಗನ ದನಿ ಒಮ್ಮೆ ಮಸೀದಿಯ ಕಡೆ, ಒಮ್ಮೆ ಗಿರಣಿಯ ಕಡೆ, ಒಮ್ಮೆ ಹಿಂದಿನ ಓಣಿಯಲ್ಲಿ. ಮುದುಕಿ ಚಹಾ ಇಡಿಸಿಕೊಂಡು ಕಪ್ಪನ್ನೂ ಬಸಿಯನ್ನೂ ಮಗ್ಗುಲಲ್ಲಿಟ್ಟು ಕೂರುತ್ತಾಳೆ. ಅವನು ಬಾರದೆ ಬಾಯಿಗೆ ತುತ್ತಿಡುವುದಿಲ್ಲ. ಐದು ದಿನದಿಂದ ನೀರು, ಒಂದು ತುಣುಕು ಬೆಲ್ಲ.

ಗಂಗಪ್ಪನಿಗೆ ಸಿಟ್ಟು ಬಂತು. ತಪ್ಪು ತನ್ನದಾದಾಗ ಅವನಿಗೆ ಮೊದಲು ಬರುತ್ತಿದ್ದದ್ದೇ ಸಿಟ್ಟು. ಪೆಟ್ಟಿಗೆಗಳು ತನ್ನವಲ್ಲ, ಗಾಡಿಗಳು ತನ್ನವಲ್ಲ, ಊರ ಮಂದಿಯ ಬಾಯಿ ತಾನು ಹೊಲಿಯಲಾಗುತ್ತದೆಯೇ ಎಂದು ಒದರಾಡಿದ. ಜಯಾ ಪೂರ್ತಿ ಕೇಳಿದಳು.

"ಕಾಕಾ, ಅಂವನ್ನ ಓಣಿಗೆ ಬಿಟ್ಟಂವರು ನೀವು. ನೀವ ಹಿಡಕೊಂಡ ಬರ್ರಿ. ಮುದಿಕಿ ಹ್ವಾದ್ರ ನಾ ಯಾರ ಮುಂದ ಹೇಳ್ಲಿ?"

ಇಷ್ಟು ಹೇಳಿ ಹೋದಳು.

ಆ ದಿನವೂ ಮರುದಿನವೂ ಗಂಗಪ್ಪ ಗಾಡಿಗಳ ಬೆನ್ನು ಹತ್ತಿದ. ಎಂಟು ಮಂದಿ ತಕರಾರಿಲ್ಲದೆ ಚಿಪ್ಪು ಬಿಚ್ಚಿಕೊಟ್ಟರು. ಟೊಮ್ಯಾಟೊದವನಂತೂ ಕೈ ಮುಗಿದ, ಸತ್ತವನ ದನಿಯೆಂದು ಭಯವಾಗುತ್ತಿತ್ತು, ಆದರೆ ವ್ಯಾಪಾರ ಚೆನ್ನಾಗಿ ಆಗುತ್ತಿತ್ತು ಅಂದ. ತಕರಾರು ಮಾಡಿದವನು ಒಬ್ಬನೇ, ಹಳೆ ಕಬ್ಬಿಣದ ಏಕನಾಥ. ಅವನೂ ಹನಮೇಶನೂ ಒಂದೇ ಕಟ್ಟೆಯಲ್ಲಿ ಬೆಳೆದವರು.

"ಇರ್ಲಿ ಬಿಡ್ರಿ ಕಾಕಾ," ಅಂದ ಏಕನಾಥ. "ದಿನಾ ಬಾಜೂಕ ನಡದಂಗ ಅನಸ್ತೈತಿ. ಬ್ಯಾಸರ ಕಳೀತೈತಿ."

"ಬ್ಯಾಸರ ಕಳ್ಯಾಕ ಲಗ್ನಾ ಮಾಡ್ಕೋ. ಚಿಪ್ಪ ಕೊಡು."

ಏಕನಾಥ ಬೈದುಕೊಳ್ಳುತ್ತ ಒಂದು ಚಿಪ್ಪು ಕೊಟ್ಟ. ಅವನ ಹತ್ತಿರ ಎರಡಿದ್ದವೆಂದು ಗಂಗಪ್ಪನಿಗೆ ಗೊತ್ತಿರಲಿಲ್ಲ. ಗಂಗಪ್ಪ ಎಲ್ಲವನ್ನೂ ಅಳಿಸಿದ. ಮೂರನೆಯ ದಿನ ಹಳೇ ಹುಬ್ಬಳ್ಳಿಯ ಓಣಿಗಳಲ್ಲಿ ಹನಮೇಶ ಇರಲಿಲ್ಲ. ಗಾಡಿಯವರು ತಮ್ಮ ತಮ್ಮ ಹರಕು ದನಿಯಲ್ಲಿ ಕೂಗುತ್ತಿದ್ದರು. ಗಂಗಪ್ಪ ಅವತ್ತು ಎರಡು ರೊಟ್ಟಿ ಹೆಚ್ಚು ತಿಂದ.

ಮಧ್ಯಾಹ್ನಕ್ಕೆ ಸುದ್ದಿ ಬಂತು, ಮುದುಕಿ ಗಟಾರಿನಲ್ಲಿ ಬಿದ್ದಿದ್ದಾಳೆ.

ಗಂಗಪ್ಪ ಹೋದಾಗ ಆಕೆಯನ್ನು ಕಟ್ಟೆಯ ಮೇಲೆ ಕೂರಿಸಿದ್ದರು. ಮೊಣಕಾಲು ಕೆತ್ತಿಹೋಗಿತ್ತು. ಜಯಾ ಅರಿಶಿನ ಒತ್ತುತ್ತಿದ್ದಳು. ಮಗನ ದನಿ ಬೆಳಿಗ್ಗೆಯಿಂದ ನಿಂತುಹೋಯಿತೆಂದು ಮುದುಕಿ ಗೋಡೆ ಹಿಡಿದುಕೊಂಡು ಹುಡುಕಲು ಹೊರಟಿದ್ದಳಂತೆ. ಗಿರಣಿಯ ತನಕ ಹೋಗಿದ್ದಳು. ಮಗ್ಗುಲಲ್ಲಿ ಆ ಕಪ್ಪು ಬಸಿ ಹಾಗೇ ಇತ್ತು, ಚಹಾದ ಮೇಲೆ ಕೆನೆಗಟ್ಟಿತ್ತು.

ಗಂಗಪ್ಪ ಆಕೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ತನಗೆ ಬಂದಷ್ಟು ಮೆತ್ತಗಿನ ದನಿಯಲ್ಲಿ ತಿಳಿಸಿ ಹೇಳಿದ. ಅದು ಪೆಟ್ಟಿಗೆಯ ದನಿ, ತಾನೇ ತುಂಬಿದ್ದು, ತಾನೇ ಅಳಿಸಿದ್ದು. ಮಗ ಹೋದದ್ದು ಆಕೆಗೆ ಗೊತ್ತಿಲ್ಲವೇ, ಕೈಯಾರೆ ಮಣ್ಣು ಹಾಕಲಿಲ್ಲವೇ.

ಮುದುಕಿ ದನಿ ಬಂದ ಕಡೆಗೆ ಮುಖ ತಿರುಗಿಸಿದಳು.

"ಹಾಕೇನೆಪಾ. ಆ ಹನಮೇಶಗ ಹಾಕೇನಿ. ಅಂವಗ ದಮ್ಮ ಇತ್ತು. ಮನ್ಯಾಗ ಬಾಜೂಕ ಮಲಗಿದ್ರ ಅಂವನ ಎದಿ ಇಡೀ ರಾತ್ರಿ ಸುಂಯ್ ಅಂತಿತ್ತು. ನಾ ಅಂತಿದ್ದೆ, ಮನ್ಯಾಗಷ್ಟ ಹಿಂಗ ಮಾಡ್ತಾನ, ಓಣ್ಯಾಗ ನೋಡು, ಎಷ್ಟ ಚಂದ ಒದರ್ತಾನ, ಅಂದಮ್ಯಾಲೆ ದೊಡ್ಡ ಬ್ಯಾನಿ ಅಲ್ಲದು." ಓಣಿಯ ಕಡೆ ಕೈ ತೋರಿಸಿದಳು. "ಈಗ ತಿರಗಾಕತ್ತಾನಲಾ, ಇಂವಗ ದಮ್ಮ ಇಲ್ಲ. ಆರಾಮಾಗ್ಯಾನ. ಆರಾಮಾದ ಮ್ಯಾಲೂ ಮನಿಗಿ ಯಾಕ ಬರವಲ್ಲ?"

ಜಯಾ ಅರಿಶಿನ ಒತ್ತುವುದನ್ನು ನಿಲ್ಲಿಸಿದಳು. ಗಂಗಪ್ಪ ಕುಕ್ಕರಗಾಲಲ್ಲೇ ಇದ್ದ. 

ಆಕೆಗೆ ಕಣ್ಣಿರಲಿಲ್ಲ. ಮಗ ಹೇಗಿದ್ದಾನೆಂದು ತಿಳಿಯಲು ಆಕೆಗಿದ್ದದ್ದು ಕಿವಿಯೊಂದೇ, ಎದೆಯ ಸದ್ದಿಗಿಂತ ಆಕೆ ನಂಬಿದ್ದು ಓಣಿಯಿಂದ ಬರುವ ಆ ದನಿಯನ್ನು. ಪಂಚಮಿಯಿಂದ ದಸರೆಯವರೆಗೆ, ಮಗನ ಬಾಯಿ ಮುಚ್ಚಿ ಎದೆ ಬಿರಿಯುತ್ತಿದ್ದ ದಿನಗಳಲ್ಲೆಲ್ಲ, ಗಂಗಪ್ಪ ತೊಳೆದ ದನಿ ದಿನಕ್ಕೆ ನೂರು ಸಲ ಆಕೆಗೆ ಹೇಳುತ್ತಿತ್ತು, ನಿನ್ನ ಮಗ ಆರಾಮಾಗಿದ್ದಾನೆ, ಆರಾಮಾಗಿದ್ದಾನೆ. ದವಾಖಾನೆಗೆ ಹೋಗೆಂದು ಆಕೆ ಯಾಕೆ ಹೇಳಿಯಾಳು? ಈಗ ಸತ್ತ ಮೇಲೂ ಅದು ಅದನ್ನೇ ಹೇಳುತ್ತಿತ್ತು.

ಮನೆಗೆ ಬಂದು ಗಂಗಪ್ಪ ಖೋಲಿಯಲ್ಲಿ ಕೂತ. ತೊಳೆಯದ ದನಿಗಳೂ ಅವನ ಹತ್ತಿರ ಇದ್ದವು. ಮೊದಲು ಹೇಗಿತ್ತು, ತನ್ನ ಕೈ ಬಿದ್ದ ಮೇಲೆ ಹೇಗಾಯಿತು ಎಂದು ನಾಳೆ ಯಾರಿಗಾದರೂ ತೋರಿಸಿ ಜಂಬ ಕೊಚ್ಚಿಕೊಳ್ಳಲು ಇಟ್ಟುಕೊಂಡಿದ್ದ. ಪ್ರತಿ ವಾರದ್ದೂ ಎರಡೆರಡು. ಒಂದಕ್ಕೆ ಕೆಟ್ಟದ್ದು ಎಂದು ಹೆಸರು, ಇನ್ನೊಂದಕ್ಕೆ ಛಲೋದು ಎಂದು ಹೆಸರು. ಹೆಡ್‌ಫೋನು ಹಾಕಿಕೊಂಡು ಕೆಟ್ಟವನ್ನು ಮೊದಲಿನಿಂದ ಒಂದೊಂದಾಗಿ ಕೇಳಿದ.

ಸಂಕ್ರಾಂತಿಯ ಹನಮೇಶ ನಗುತ್ತಿದ್ದ. ಯುಗಾದಿಯ ಹನಮೇಶನ ಮೌನದಲ್ಲಿ ಆ ಸಣ್ಣ ಸದ್ದು. ಕಾರಹುಣ್ಣಿಮೆಯ ಹೊತ್ತಿಗೆ ಅದು ಮಾತಿನ ಕೊನೆಯಲ್ಲಿ ಬಂದು ಕೂತಿತ್ತು. ಆಮೇಲಿನ ವಾರಗಳಲ್ಲಿ ಮಾತಿಗಿಂತ ಅದೇ ಮೊದಲು ಬರುತ್ತಿತ್ತು. ಒಬ್ಬ ಮನುಷ್ಯ ಹಂತಹಂತವಾಗಿ ಸಾಯುವುದು ವಾರದ ಲೆಕ್ಕದಲ್ಲಿ ಅವನ ಕಿವಿಯೊಳಗೆ ನಡೆದುಹೋಯಿತು. ಪ್ರತಿಯೊಂದನ್ನೂ ಅವನು ಮೊದಲೇ ಕೇಳಿದ್ದ, ಹತ್ತಾರು ಸಲ ಕೇಳಿದ್ದ. ದವಾಖಾನೆಯವರಿಗಿಂತ ಮೊದಲು, ಹೆಂಡತಿಗಿಂತ, ಹೆತ್ತವ್ವನಿಗಿಂತ ಚೆನ್ನಾಗಿ ಕೇಳಿದ್ದ. ಇಡೀ ಊರಲ್ಲಿ ಅದನ್ನು ಅಷ್ಟು ಸ್ಪಷ್ಟವಾಗಿ ಕೇಳಿದ ಕಿವಿ ಇನ್ನೊಂದಿರಲಿಲ್ಲ.

ಕೊನೆಯದು ಪಂಚಮಿಯದು. ಅಂಕಿಗಳನ್ನು ಹೇಳಿಸಿದ್ದು. ಅದರಲ್ಲಿ ನಲವತ್ತರ ಹತ್ತಿರ ಹನಮೇಶ ನಿಲ್ಲುತ್ತಾನೆ, ತಡಿರಿ ಕಾಕಾ ಎನ್ನುತ್ತಾನೆ. ಆಗ ಇನ್ನೊಂದು ದನಿ ಬರುತ್ತದೆ, ಹರಿದ ದನಿ. ಅದು ಅಲ್ಲಿದೆಯೆಂದು ಗಂಗಪ್ಪನಿಗೆ ನೆನಪೇ ಇರಲಿಲ್ಲ. ಕೇಳಿ ಹೆಡ್‌ಫೋನು ಕಿತ್ತು ಕೆಳಗಿಟ್ಟ.

ದುರಗವ್ವ ಬಾಗಿಲಲ್ಲಿ ನಿಂತಿದ್ದಳು.  ಒಳಗೆ ಬಂದು ಗೋಡೆಯಿಂದ ಒಂದು ಕೌದಿಯನ್ನು ಬಿಚ್ಚಿ, ಕೊಡವಿ, ಮಡಚಿಕೊಂಡು ಹೋದಳು. ಖಾಲಿಯಾದ ಗೋಡೆಗೆ ಗಂಗಪ್ಪನ ಉಸಿರು ತಾಗಿ ವಾಪಸು ಬರತೊಡಗಿತು.

ಮುದುಕಿಗೆ ಏನು ಬೇಕೆಂದು ಅವನಿಗೆ ತಿಳಿದಿತ್ತು. ಆಕೆ ಮಣ್ಣು ಹಾಕಿದ ಮಗನನ್ನು ಆಕೆಗೆ ವಾಪಸು ಕೇಳಿಸಬೇಕು, ದಮ್ಮಿನ ಸಮೇತ. ಪಂಚಮಿಯದನ್ನು ಚಿಪ್ಪಿಗೆ ಹಾಕಲು ತೆರೆದ. ತನ್ನ ದನಿ ಬರುವ ಜಾಗದಲ್ಲಿ ಬೆರಳು ನಿಂತಿತು. ನಾಲ್ಕು ಸೆಕೆಂಡಿನ ತುಂಡು. ಒಂದು ಒತ್ತು ಸಾಕು, ಜೋಡಣೆ ಯಾರಿಗೂ ಗೊತ್ತಾಗುವುದಿಲ್ಲ. ಇಂಥ ಕತ್ತರಿಯಲ್ಲಿ ಅವನಷ್ಟು ಪಳಗಿದವರು ಆ ಓಣಿಗಳಲ್ಲಿ ಇರಲಿಲ್ಲ.  ಗಂಗಪ್ಪ ಕತ್ತರಿಸದೆ ಹಾಗೇ ಚಿಪ್ಪಿಗೆ ಹಾಕಿ ಎದ್ದ.

ಮರುದಿನ ಒಂಬತ್ತಕ್ಕೆ, ಹನಮೇಶ ಚಹಾಕ್ಕೆ ಬರುತ್ತಿದ್ದ ಹೊತ್ತಿಗೇ, ಪೆಟ್ಟಿಗೆ ಹಿಡಿದುಕೊಂಡು ಹೋದ. ಮುದುಕಿ ಕಟ್ಟೆಯ ಮೇಲಿದ್ದಳು, ಮಗ್ಗುಲಲ್ಲಿ ಅದೇ ಕಪ್ಪು ಬಸಿ. ಜಯಾ ಬಾಗಿಲಿಗೆ ಒರಗಿ ನಿಂತಿದ್ದಳು.  ಪೆಟ್ಟಿಗೆಯನ್ನು ಮುದುಕಿಯ ಮಗ್ಗುಲಿಗಿಟ್ಟು ಗುಂಡಿ ಒತ್ತಿದ.

ಮೊದಲು ಖೋಲಿಯ ಮೌನ. ಮೌನದೊಳಗೆ ಸುಂಯ್, ನಿಂತು ಮತ್ತೆ ಸುಂಯ್. ಮುದುಕಿಯ ಕೈ ಗಾಳಿಯಲ್ಲಿ ತಡಕಾಡಿ ಪೆಟ್ಟಿಗೆಯ ಮೇಲೆ ಬಂದು ಕೂತಿತು, ಮಲಗಿದ ಮಗುವಿನ ಎದೆಯ ಮೇಲೆ ಇಡುವ ಹಾಗೆ. ಹನಮೇಶ ಹತ್ತರಿಂದ ಎಣಿಸುತ್ತ ಬಂದ. ಮೂವತ್ತೇಳು. ಮೂವತ್ತೆಂಟು. ಮೂವತ್ತೊಂಬತ್ತು. ಒಂದೊಂದು ಅಂಕಿಗೂ ಬಾವಿಯಿಂದ ಕೊಡ ಸೇದಿದಷ್ಟು ಕಷ್ಟ.

"ತಡಿರಿ ಕಾಕಾ. ದಮ್ಮ ಹತ್ತೇತಿ."

ಅದರ ಹಿಂದೆಯೇ ಗಂಗಪ್ಪನ ದನಿ.

"ಉಸರ ಬಿಡಬ್ಯಾಡಲೇ, ಮೈಕಿನ್ಯಾಗ ಬರ್ತೈತಿ. ಹಿಡ್ಕೊಂಡ ನಿಂದ್ರು."

ಆಮೇಲೆ ಮೌನ. ಪೆಟ್ಟಿಗೆಯಲ್ಲಿ ಏನೇನೂ ಇಲ್ಲ, ಸುಂಯ್ ಕೂಡ ಇಲ್ಲ. ಹೇಳಿದಂತೆ ಉಸಿರು ಹಿಡಿದು ನಿಂತಿದ್ದಾನೆ. ಓಣಿಯಲ್ಲಿ ಯಾರೋ ನಳದ ಕೆಳಗೆ ಕೊಡ ಇಟ್ಟ ಸದ್ದು ಕೇಳಿಸಿತು. ನಂತರ ಪೆಟ್ಟಿಗೆಯೊಳಗೆ ಎದೆಯೊಂದು ತಡೆಯಲಾರದೆ ಬಾಯಿ ಬಿಟ್ಟಿತು, ಉದ್ದಕ್ಕೆ, ಸಿಳ್ಳು ಹೊಡೆದಂತೆ. ನಲವತ್ತು, ಅಂದ ಹನಮೇಶ.

ಗಂಗಪ್ಪ ಆರಿಸಿದ.

ಮುದುಕಿ ಪೆಟ್ಟಿಗೆಯ ಮೇಲಿಂದ ಕೈ ತೆಗೆದಳು.

"ಹೌದು," ಅಂದಳು. "ಇಂವಾ ನನ್ನ ಮಗಾ. ಇಂವ ಸತ್ತಾನ." ಆಮೇಲೆ, ಹೊರಗೆ ಯಾರೂ ಇಲ್ಲವೆಂಬಂತೆ, ಒಳಮುಖವಾಗಿ, "ಜಯಾ, ಹಸಿವಾಗೇತವಾ. ರೊಟ್ಟಿ ಹಾಕು," ಅಂದಳು.

ಜಯಾ ಅಲ್ಲಾಡಲಿಲ್ಲ. ಆಕೆ ಗಂಗಪ್ಪನನ್ನೇ ನೋಡುತ್ತಿದ್ದಳು.

"ನಿಮಗ ಮೊದಲ ಕೇಳಿಸಿದ್ದು ಯಾವಾಗ ಕಾಕಾ?"

ಸಿಟ್ಟು ಬರಲೆಂದು ಗಂಗಪ್ಪ ಕಾದ. ಬರಲಿಲ್ಲ.

"ಯುಗಾದಿ ಮುಂದ," ಅಂದ.

ಜಯಾ ಹೆಬ್ಬೆರಳಿನಿಂದ ಬೆರಳ ಗೆಣ್ಣುಗಳನ್ನು ಒಂದೊಂದಾಗಿ ಮುಟ್ಟಿ ತಿಂಗಳು ಎಣಿಸಿದಳು. ಏಳನೆಯದಕ್ಕೆ ಬಂದು ನಿಂತಳು. ಬಗ್ಗಿ ಆ ಕಪ್ಪು ಬಸಿಯನ್ನು ಎತ್ತಿಕೊಂಡಳು, ತಣ್ಣಗಾದ ಚಹಾವನ್ನು ಅವನ ಕಾಲಿನ ಪಕ್ಕದ ಮಣ್ಣಿಗೆ ಸುರುವಿದಳು. ಅವನ ಮೇಲೆ ಒಂದು ಹನಿಯೂ ಸಿಡಿಯಲಿಲ್ಲ. ಇನ್ನು ಈ ಓಣಿಗೆ ಬರಬೇಡಿ ಎಂದಷ್ಟೇ ಹೇಳಿ ರೊಟ್ಟಿ ಹಾಕಲು ಒಳಗೆ ಹೋದಳು.

ಗಂಗಪ್ಪ ಮತ್ತೆ ಆ ಓಣಿಗೆ ಹೋಗಲಿಲ್ಲ. ಖೋಲಿಯ ಬಾಗಿಲನ್ನೂ ತೆಗೆಯಲಿಲ್ಲ. ಉಳಿದ ನಾಲ್ಕು ಕೌದಿಗಳನ್ನು ದುರಗವ್ವ ಒಂದೊಂದಾಗಿ ಒಯ್ದಳು. ಆದರೆ ಕಿವಿಗೆ ಬಾಗಿಲಿರಲಿಲ್ಲ. ಚಹಾದ ಅಂಗಡಿಯಲ್ಲಿ ಮಗ್ಗುಲಿಗೆ ಕೂತವನ ಎದೆ, ಬಸ್ಸಿನಲ್ಲಿ ಕಂಡಕ್ಟರನ ಎದೆ, ಮಗ್ಗುಲಲ್ಲಿ ಮಲಗಿದ ಹೆಂಡತಿಯ ಎದೆ, ಎಲ್ಲವೂ ಕೇಳಿಸುತ್ತಿದ್ದವು. ಒಬ್ಬ ಹೂವಿನವಳನ್ನು ನಿಲ್ಲಿಸಿ, ನಿನಗೆ ಕಫವಿದೆ, ಇವತ್ತೇ ದವಾಖಾನೆಗೆ ಹೋಗು ಎಂದು ಒದರಿದ. ಆಕೆ ಹೆದರಿ ಬೇರೆ ಓಣಿ ಹಿಡಿದಳು.

ಹದಿನೈದು ದಿನದ ಮೇಲೆ ಒಂದು ಮುಂಜಾನೆ ಗಂಗಪ್ಪ ಗಿರಣಿಯ ಮುಂದೆ ಜೋಳದ ಚೀಲ ಇಳಿಸುತ್ತಿದ್ದಾಗ ಹನಮೇಶ ಕೂಗಿದ.

ತೊಳೆದ ತಾಮ್ರದಂಥ ದನಿ. ಹಳೇ ಕಬ್ಬಿಣ, ಹಳೇ ಪೇಪರ, ಬರ್ರಿ, ತರ್ರಿ. ಏಕನಾಥ. ಎರಡನೆಯ ಚಿಪ್ಪು. ಗಂಗಪ್ಪ ಚೀಲ ಬಿಟ್ಟು ಓಡಿದ. ಮುದುಕಿ ಈಗ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದಾಳೆಂದು ದುರಗವ್ವ ಕೇಳಿ ತಿಳಿದುಕೊಂಡು ಬಂದಿದ್ದಳು. ಈ ದನಿ ಆ ಕಟ್ಟೆಯನ್ನು ಮುಟ್ಟಿದರೆ ಎಲ್ಲ ಮೊದಲಿನಿಂದ ಶುರುವಾಗುತ್ತದೆ. ಮಸೀದಿಯ ಕಡೆ ಓಡಿದ, ದನಿ ಹಿಂದಿನ ಓಣಿಯಿಂದ ಬಂತು. ಹಿಂದಿನ ಓಣಿಗೆ ತಿರುಗಿದ, ಅದು ಗೋಡೆಗಳಿಗೆ ಬಡಿದು ಮೂರು ಕಡೆಯಿಂದ ಬಂತು. ಊರಲ್ಲೇ ಚುರುಕಾದ ಕಿವಿ ಅವನದು, ಆದರೂ ಸತ್ತವನು ಎಲ್ಲಿದ್ದಾನೆಂದು ಹೇಳಲು ಅದಕ್ಕಾಗಲಿಲ್ಲ. ಓಡುತ್ತ ಓಡುತ್ತ ಬಾರದೆ ಇರಬೇಕಾಗಿದ್ದ ಓಣಿಯ ತಿರುವಿಗೇ ಬಂದು ನಿಂತ. ಎದುರಿಗೆ ಏಕನಾಥನ ಗಾಡಿ ಆ ಮನೆಯನ್ನು ದಾಟಿ ಆಚೆ ಹೋಗುತ್ತಿತ್ತು.

ಹುಲಿಗೆವ್ವ ಕಟ್ಟೆಯ ಮೇಲೆ ತಾಟು ಇಟ್ಟುಕೊಂಡು ರೊಟ್ಟಿ ಮುರಿಯುತ್ತಿದ್ದಳು. ಕೈ ನಿಂತಿತು. ತಲೆ ಓರೆ ಮಾಡಿ ಕೇಳಿದಳು.

"ಪೆಟ್ಟಿಗಿ," ಅಂದಳು. ತುತ್ತನ್ನು ಪಲ್ಯದಲ್ಲಿ ಅದ್ದಿ ಬಾಯಿಗಿಟ್ಟಳು.

ಅಗಿಯುತ್ತಿದ್ದವಳು ಮತ್ತೆ ನಿಂತಳು. ಈ ಸಲ ಮುಖ ಗಾಡಿಯ ಕಡೆಗಿರಲಿಲ್ಲ, ತಿರುವಿನ ಕಡೆಗಿತ್ತು.

"ಜಯಾ, ಅಲ್ಲಿ ಯಾರೋ ದಮ್ಮ ಹತ್ತಿ ನಿಂತಾರ ನೋಡು. ನೀರ ಬೇಕೇನು ಕೇಳು."

ಜಯಾ ಬಾಗಿಲಿಗೆ ಬಂದಳು. ಗಂಗಪ್ಪನನ್ನು ನೇರವಾಗಿ ನೋಡಿದಳು, ನೋಡುತ್ತಲೇ ಇದ್ದಳು.

"ಯಾರೂ ಇಲ್ಲ ಅತ್ತಿ," ಅಂದಳು.

ಗಂಗಪ್ಪ ಉಸಿರು ಹಿಡಿದುಕೊಂಡು ನಿಂತ.